ಊರಿನ ಕುಡಿತ, ತಂಬಾಕಿನ ಲೆಕ್ಕ ತೆಗೆಯುವುದು ಹೇಗೆ?

ಊರಲ್ಲಿ ಕುಡಿತ ಜಾಸ್ತಿ ಆಯ್ತು ಅಂತ ಗ್ರಾಮಸಭೆಯಲ್ಲಿ ಯಾರೋ ಎದ್ದು ಹೇಳುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಮಕ್ಕಳ ಕೈಲಿ ಫಲಕ ಕೊಟ್ಟು ಜಾಥಾ ಮಾಡಿಸುತ್ತಾರೆ. ಮರುದಿನ ಕಿರಾಣಿ ಅಂಗಡಿಯಲ್ಲಿ ಕ್ವಾರ್ಟರ್ ವ್ಯಾಪಾರ ಎಂದಿನಂತೆ. ಯಾವ ವಯಸ್ಸಿನವರು, ಎಲ್ಲಿ, ಯಾವ ದಿನ ಅಂತ ಯಾರೂ ಕೇಳಿರುವುದೇ ಇಲ್ಲ.

ದೇಶದ ಅಂಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಹಳ್ಳಿಗಳಲ್ಲಿ 15 ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 20 ಮಂದಿ ಕುಡಿಯುತ್ತಾರೆ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದೆ ಏನು ನಡೆಯುತ್ತದೆ ಅನ್ನುವುದು ಅದರಲ್ಲಿ ಎಲ್ಲಿದೆ?

ಮೊದಲು ಒಂದೇ ಪ್ರಶ್ನೆ ಆರಿಸಿ

'ಹೈಸ್ಕೂಲ್ ಮಕ್ಕಳಿಗೆ ತಂಬಾಕು ಎಲ್ಲಿ ಸಿಗುತ್ತದೆ?' ಅಥವಾ 'ಕೂಲಿ ಬಟವಡೆ ದಿನ ಸಂಜೆ ಜಗಳ ಜಾಸ್ತಿಯಾ?' ಇಷ್ಟು ಸಣ್ಣದಿರಲಿ. ಉತ್ತರ ಸಿಕ್ಕರೆ ಪಂಚಾಯಿತಿ ಏನು ಮಾಡಬಲ್ಲದು ಅಂತ ಆಗಲೇ ಯೋಚಿಸಿ. ಏನೂ ಮಾಡಲಾಗದ ಪ್ರಶ್ನೆ ಕೇಳಿ ಜನರನ್ನು ಸುಮ್ನೆ ಗೋಳಾಡಿಸಬೇಡಿ.

ಇರುವ ದಾಖಲೆ ನೋಡಿ

ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಬಿಪಿ, ಸಕ್ಕರೆ ಕಾಯಿಲೆ ಫಾರ್ಮ್ ತುಂಬುವಾಗ ತಂಬಾಕು ಮತ್ತು ದಿನನಿತ್ಯದ ಕುಡಿತದ ಬಗ್ಗೆಯೂ ಕೇಳುತ್ತಾರೆ. ಹೆಸರು ಬೇಡ, ಒಟ್ಟು ಸಂಖ್ಯೆ ಮಾತ್ರ ಆರೋಗ್ಯ ಕೇಂದ್ರದಿಂದ ಕೇಳಿ. ಆದರೆ ಇದರಲ್ಲಿ ಎರಡು ತೂತುಗಳಿವೆ. ಇಪ್ಪತ್ತರ ಹುಡುಗರು ಲೆಕ್ಕಕ್ಕೇ ಬರುವುದಿಲ್ಲ. ಸಂತೆ ದಿನ ಮಾತ್ರ ಮಿತಿಮೀರಿ ಕುಡಿಯುವವರು 'ದಿನಾ ಇಲ್ಲ' ಅಂದುಬಿಡುತ್ತಾರೆ.

ಗಾಯ, ಬೈಕ್ ಅಪಘಾತ ಅಂತ ಬಂದವರ ದಿನ ಮತ್ತು ಹೊತ್ತನ್ನೂ ಆರೋಗ್ಯ ಕೇಂದ್ರದಲ್ಲೇ ವಿಚಾರಿಸಿ. ಮದ್ಯದ ಅಂಗಡಿಗಳು ಪಾನೀಯ ನಿಗಮದ (ಅಂಗಡಿಗಳಿಗೆ ಮದ್ಯ ಪೂರೈಸುವ ಸರ್ಕಾರಿ ಸಂಸ್ಥೆ) ಡಿಪೋದಿಂದ ಎಷ್ಟು ಮಾಲು ಎತ್ತಿವೆ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಹೆದ್ದಾರಿ ಪಕ್ಕದ ಅಂಗಡಿಯಾದರೆ ಆ ಅಂಕಿಯನ್ನು ನಿಮ್ಮೂರಿನ ತಲೆಗೆ ಕಟ್ಟಬೇಡಿ.

ನಡೆದು ನಕ್ಷೆ ಬರೆಯಿರಿ

ಸ್ತ್ರೀಶಕ್ತಿ ಸಂಘದವರ ಜೊತೆ ಊರು ಸುತ್ತಿ. ಎಲ್ಲಿ ಮಾರುತ್ತಾರೆ ಅನ್ನುವುದು ಅವರಿಗೆ ಅಬಕಾರಿ ಇಲಾಖೆಗಿಂತ ಚೆನ್ನಾಗಿ ಗೊತ್ತು. ಖಾಲಿ ಪ್ಯಾಕೆಟ್ ಬಿದ್ದ ಜಾಗ, ಕತ್ತಲೆ ಮೂಲೆ, ಶಾಲೆಗೆ ಹತ್ತಿರದ ಪೆಟ್ಟಿಗೆ ಅಂಗಡಿ, ಎಲ್ಲ ಗುರುತಿಸಿ. ಶಾಲೆ ಸುತ್ತ ನೂರು ಗಜದೊಳಗೆ ತಂಬಾಕು ಮಾರುವುದನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ (ಕೋಟ್ಪಾ) ನಿಷೇಧಿಸಿದೆ. ಗುಟ್ಕಾ ರಾಜ್ಯದಲ್ಲಿ 2013ರಿಂದಲೂ ಬಂದ್. ಅದಕ್ಕೇ ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಮಾರುತ್ತಾರೆ, ಕೊಂಡವರು ಬೆರೆಸಿಕೊಳ್ಳುತ್ತಾರೆ. ಎರಡನ್ನೂ ಬರೆದುಕೊಳ್ಳಿ.

ಮಕ್ಕಳನ್ನು ಕೇಳುವುದಾದರೆ

ಪಾಲಕರ ಒಪ್ಪಿಗೆ ಬೇಕು. ಹೆಸರಿಲ್ಲದ ಚೀಟಿ, ಬೀಗ ಹಾಕಿದ ಡಬ್ಬಿ, ಮೂರ್ನಾಲ್ಕು ಪ್ರಶ್ನೆ ಸಾಕು. ಮೇಷ್ಟ್ರು ಪಕ್ಕದಲ್ಲಿ ನಿಂತರೆ ನಿಜ ಬರುವುದಿಲ್ಲ, ಅಲ್ವಾ? ಐಸ್‌ಲ್ಯಾಂಡ್‌ನವರು ಇಂಥ ಸಮೀಕ್ಷೆಯ ಫಲಿತಾಂಶವನ್ನು ಆಯಾ ಊರಿಗೆ, ಶಾಲೆಗೆ ಬೇಗನೆ ವಾಪಸ್ ಕೊಟ್ಟರು. ಅದನ್ನು ನೋಡಿಕೊಂಡು ಆಟದ ಕ್ಲಬ್ಬು, ರಾತ್ರಿ ಪಾಲಕರ ಗಸ್ತು ಶುರುವಾದವು. ಅಲ್ಲಿ 15-16ರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಮತ್ತೇರಿದವರು 1998ರಲ್ಲಿ ನೂರಕ್ಕೆ 42 ಇದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು.

ಇಲ್ಲಿ ಎಡವಬೇಡಿ

ಸಣ್ಣ ಊರಲ್ಲಿ ಗುಟ್ಟು ಉಳಿಯುವುದಿಲ್ಲ. 'ಕೆಳಗಿನ ಓಣಿಯಲ್ಲಿ ಮೂವರು' ಅಂತ ಬರೆದರೆ ಆ ಮೂವರು ಯಾರು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಬಂದರೆ ಬೇರೆ ಓಣಿಯ ಲೆಕ್ಕಕ್ಕೆ ಸೇರಿಸಿ. ಜಾತಿವಾರು, ಕೇರಿವಾರು ಪಟ್ಟಿಯಂತೂ ಬೇಡವೇ ಬೇಡ. ಮಾರಿ ದುಡ್ಡು ಮಾಡುವವರು ಬೇರೆ, ಕೆಟ್ಟ ಹೆಸರು ಬರುವುದು ಕೇರಿಗೆ. ಕುಡಿಯುವವರ ಪಟ್ಟಿ ಬೋರ್ಡಿಗೆ ಅಂಟಿಸಿದರೆ ನಾಳೆ ಯಾರೂ ಚಿಕಿತ್ಸೆಗೆ ಬರುವುದಿಲ್ಲ. ಅದಕ್ಕೇ ನಾನು ಜನರಿಗಿಂತ ಜಾಗ, ಹೊತ್ತು ಎಣಿಸಿ ಅನ್ನುವುದು.

ಸಿಕ್ಕಿದ್ದನ್ನು ಕೆಲಸಕ್ಕೆ ಹಚ್ಚಿ

ಬಟವಡೆಯೂ ಸಂತೆಯೂ ಒಂದೇ ದಿನ ಬಿದ್ದು ಗಲಾಟೆ ಹೆಚ್ಚುತ್ತಿದ್ದರೆ, ಬಟವಡೆ ದಿನ ಬದಲಿಸಲು ಮೇಸ್ತ್ರಿಗಳ ಜೊತೆ ಮಾತಾಡಿ. ಕತ್ತಲೆ ಮೂಲೆಗೆ ದೀಪ ಹಾಕಿಸಿ. ಶಾಲೆ ಬಿಟ್ಟ ಮೇಲಿನ ಎರಡು ಗಂಟೆಯೇ ಸಮಸ್ಯೆಯಾದರೆ ವಾಲಿಬಾಲ್ ಅಂಕಣ ಆಗ ತೆರೆದಿರಲಿ. ಅಕ್ರಮ ಮಾರಾಟಕ್ಕೆ ಜಾಗ, ದಿನಾಂಕ ಸಮೇತ ಗ್ರಾಮಸಭೆ ಠರಾವು ಮಾಡಿ ಅಬಕಾರಿ ಇಲಾಖೆಗೆ ಕಳಿಸಿ. ಸ್ವೀಕೃತಿ ಮರೆಯದೆ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ದಿಢೀರನೆ ಬಿಟ್ಟರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು. ಜೀವಕ್ಕೂ ಅಪಾಯ. ಕೋಣೆಯಲ್ಲಿ ಕೂಡಿಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಅದೇ ಪ್ರಶ್ನೆ, ಅದೇ ನಡಿಗೆ, ಮುಂದಿನ ವರ್ಷ ಅದೇ ತಿಂಗಳಲ್ಲಿ. ಜಾತ್ರೆ ತಿಂಗಳ ಲೆಕ್ಕವನ್ನು ಬಿತ್ತನೆ ಕಾಲದ ಲೆಕ್ಕದ ಪಕ್ಕ ಇಟ್ಟರೆ ಕುಡಿತ ಇಳಿದಂತೆ ಕಾಣುತ್ತದೆ, ಅಷ್ಟೇ. ಅಂಗಡಿ ಮುಚ್ಚಿಸಿದ್ದರೆ ಪಕ್ಕದೂರಿನವರನ್ನೂ ಕೇಳಿ. ವ್ಯಾಪಾರ ಅಲ್ಲಿಗೆ ಹೋಗಿರಬಹುದು.