ತೋಟದಲ್ಲಿ ಕೂಲಿ ತಕರಾರು: ಮೊದಲು ಯಾರ ಬಾಗಿಲು ತಟ್ಟಬೇಕು?

ನಮ್ಮದು ಐದು ಎಕರೆ ರೊಬಸ್ಟಾ ಕಾಫಿ ತೋಟ. ಕೆಲವು ವರ್ಷಗಳ ಹಿಂದೆ ಕುಯ್ಲಿಗೆ ಒಬ್ಬ ಮೇಸ್ತ್ರಿಯನ್ನು ಹಿಡಿದು ಎಂಟು ಜನರನ್ನು ಕರೆಸಿದ್ದೆವು. ಕೆ.ಜಿ. ಲೆಕ್ಕ. ಕುಯ್ಲು ಮುಗಿದ ಸಂಜೆ ಪೂರ್ತಿ ದುಡ್ಡನ್ನು ಮೇಸ್ತ್ರಿಯ ಕೈಗೇ ಕೊಟ್ಟೆವು. ಮರುದಿನ ಬೆಳಿಗ್ಗೆ ಎಂಟೂ ಜನ ನಮ್ಮ ಜಗಲಿಯಲ್ಲಿ ಕೂತಿದ್ದರು. ಮೇಸ್ತ್ರಿ ರಾತ್ರಿಯೇ ಬಸ್ ಹತ್ತಿದ್ದ. ಫೋನ್ ಸ್ವಿಚ್ ಆಫ್.

"ನಾವು ಕೊಟ್ಟಾಗಿದೆಯಲ್ಲ, ಅವನನ್ನೇ ಹುಡುಕಿ" ಎಂದುಬಿಟ್ಟೆ. ಅವರು ಪೊಲೀಸ್ ಠಾಣೆಗೆ ಹೋದರು. ಅಲ್ಲಿಂದ ಪಂಚಾಯಿತಿಗೆ. ಯಾರೋ ದಾರಿಹೋಕರು ಕಾಫಿ ಬೋರ್ಡಿಗೆ ಹೋಗಿ ಅಂದರಂತೆ, ಅಲ್ಲಿಗೂ ಹೋದರು. ನಾಲ್ಕು ದಿನ ಸುಮ್ನೆ ಓಡಾಟ. ಕೊನೆಗೆ ಪರಿಚಯದ ವಕೀಲರನ್ನು ಕೇಳಿದರೆ ಅವರು ನಕ್ಕರು. "ಅವರು ಬರಬೇಕಾದ ಬಾಗಿಲಿಗೇ ಮೊದಲು ಬಂದಿದ್ದರು. ನೀವೇ ಕಳಿಸಿದ್ದೀರಿ" ಎಂದರು. ಎರಡನೇ ಸಲ ದುಡ್ಡು ಎಣಿಸಿದೆವು. ಹೊಟ್ಟೆ ಉರಿಯಿತು. ಆದರೆ ವಕೀಲರ ಮಾತು ಸರಿ ಇತ್ತು.

ಕೊಡಗಿನ ತೋಟಗಳಲ್ಲಿ ಆಗುವ ತಕರಾರುಗಳಲ್ಲಿ ಬಹಳಷ್ಟು ಹೀಗೇ ತಪ್ಪು ಬಾಗಿಲುಗಳ ಮುಂದೆ ಒಣಗುತ್ತವೆ. ಯಾರ ಕೆಲಸ ಯಾವುದು ಎಂದು ಕೆಲಸಗಾರರಿಗೂ ಗೊತ್ತಿರುವುದಿಲ್ಲ, ನಮ್ಮಂಥ ಸಣ್ಣ ಬೆಳೆಗಾರರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಇದು ಇಬ್ಬರಿಗೂ.

ಹೆಜ್ಜೆ 1: ಮಾಲೀಕರು ಯಾರೆಂದು ಗಟ್ಟಿ ಮಾಡಿಕೊಳ್ಳಿ

ಬೆಳಿಗ್ಗೆ ಕೆಲಸ ಹಂಚುವವರು ಮೇಸ್ತ್ರಿ. ಹಾಜರಿ ಬರೆಯುವವರು ರೈಟರ್. ದೊಡ್ಡ ಎಸ್ಟೇಟಾದರೆ ಅವರ ಮೇಲೆ ಮ್ಯಾನೇಜರ್. ಇವರ್ಯಾರೂ ನಿಮ್ಮ ಕೂಲಿಗೆ ಕೊನೆಯ ಹೊಣೆ ಅಲ್ಲ. ತೋಟ ಯಾರದೋ, ಕೆಲಸದ ಲಾಭ ಯಾರಿಗೋ, ಹೊಣೆ ಅವರದು. ಜನರನ್ನು ನೇರವಾಗಿ ಕರೆದರೂ ಅಷ್ಟೇ, ಮೇಸ್ತ್ರಿ ಮೂಲಕ ಕರೆಸಿದರೂ ಅಷ್ಟೇ. ಮೇಸ್ತ್ರಿ ಕೂಲಿ ಕೊಡದೆ ಹೋದರೆ ತೋಟದವರೇ ಕೊಡಬೇಕು. ಆಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳುವುದು ಅವರ ಪಾಡು.

ಬೆಳೆಗಾರರಿಗೆ ಒಂದು ಮಾತು. ಮೇಸ್ತ್ರಿಗೆ ಅವನ ಕಮಿಷನ್ ಮಾತ್ರ ಕೊಡಿ. ಕೂಲಿಯನ್ನು ಕೆಲಸ ಮಾಡಿದವರ ಕೈಗೆ ಅಥವಾ ಅವರ ಖಾತೆಗೆ ಹಾಕಿ, ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳಿ. ಅಸ್ಸಾಂ, ಬಂಗಾಳದಿಂದ ಬಂದವರ ವಿವರವನ್ನು ಠಾಣೆಗೆ ಕೊಡಿ ಎಂದು ಪೊಲೀಸರು ಕೇಳುವುದುಂಟು. ಅದಕ್ಕೆ ಆಧಾರ್ ಝೆರಾಕ್ಸ್ ಸಾಕು. ಅಸಲು ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರಿದ್ದಾರೆ. ಅದು ತಪ್ಪು. ಹೋಗುವವರನ್ನು ಕಾರ್ಡು ಹಿಡಿದು ನಿಲ್ಲಿಸಿಕೊಳ್ಳುವುದು ಎಲ್ಲಿಗೆ ಮುಟ್ಟುತ್ತದೆ ಎಂದು ಮುಂದೆ ಹೇಳುತ್ತೇನೆ.

ಹೆಜ್ಜೆ 2: ನಿಮ್ಮದೇ ಒಂದು ಹಾಜರಿ ಪುಸ್ತಕ ಇಡಿ

ಇದು ಎಲ್ಲಕ್ಕಿಂತ ಮುಖ್ಯ. ರೈಟರ್ ಹತ್ತಿರ ಇರುವುದು ತೋಟದ ಲೆಕ್ಕ. ನಿಮ್ಮ ಲೆಕ್ಕ ನಿಮ್ಮ ಹತ್ತಿರ ಇರಬೇಕು. ಹತ್ತಿಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ದಿನಾಂಕ, ಮಾಡಿದ ಕೆಲಸ (ಕಳೆಯೋ, ಚಿಗುರು ತೆಗೆದದ್ದೋ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿಯೋ, ಕುಯ್ಲೋ), ಕುಯ್ಲಾದರೆ ಎಷ್ಟು ಕೆ.ಜಿ., ಪಡೆದ ಅಡ್ವಾನ್ಸ್, ಹಿಡಿದುಕೊಂಡ ದುಡ್ಡು. ಅಷ್ಟೇ. ಸಂಜೆ ತೂಕ ಹಾಕುವಾಗ ತಕ್ಕಡಿಯ ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮಳೆ ಬಂದು ಅರ್ಧ ದಿನಕ್ಕೆ ಕೆಲಸ ನಿಂತರೆ ಅದನ್ನೂ ಬರೆಯಿರಿ. ಜಗಳ ಹುಟ್ಟುವುದು ಹೆಚ್ಚಾಗಿ ಇಂಥ ಅರ್ಧ ದಿನಗಳಲ್ಲೇ.

ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ನಮ್ಮ ಪಕ್ಕದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಆರನೇ ಕ್ಲಾಸಿನ ಹುಡುಗಿ ನಾಲ್ಕು ಮನೆಯ ಲೆಕ್ಕ ಬರೆಯುತ್ತಾಳೆ. ರೈಟರ್ ಅವಳನ್ನು ಕಂಡರೆ ಸ್ವಲ್ಪ ಹುಷಾರಾಗಿರುತ್ತಾರೆ!

ಹೆಜ್ಜೆ 3: ತೋಟ ಎಷ್ಟು ದೊಡ್ಡದು, ಜನ ಎಷ್ಟು?

ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಇದರ ಮೇಲೆ ನಿಂತಿದೆ. ತೋಟದ ಕೆಲಸಗಾರರಿಗೆ 1951ರಿಂದ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಇತ್ತು. ವಸತಿ, ಕುಡಿಯುವ ನೀರು, ಔಷಧೋಪಚಾರ, ಮಕ್ಕಳ ಪಾಲನಾ ಕೇಂದ್ರ ಎಲ್ಲ ಅದರಲ್ಲಿದ್ದವು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದು ಹಳೆಯ ಕಾಯ್ದೆಗಳನ್ನು ನುಂಗಿಕೊಂಡಿವೆ. ಪ್ಲಾಂಟೇಷನ್ ಎನ್ನಿಸಿಕೊಳ್ಳಲು ಬೇಕಾದ ಜಾಗದ ಅಳತೆ ಹಾಗೇ ಇದೆ: 5 ಹೆಕ್ಟೇರ್, ಅಂದರೆ ಸುಮಾರು ಹನ್ನೆರಡೂವರೆ ಎಕರೆ ಅಥವಾ ಅದಕ್ಕಿಂತ ಜಾಸ್ತಿ. ಕೆಲಸಗಾರರ ಲೆಕ್ಕ ಮಾತ್ರ 15ರಿಂದ 10ಕ್ಕೆ ಇಳಿದಿದೆ.

ಕೊಡಗಿನಲ್ಲಿ ಬಹುಪಾಲು ತೋಟಗಳು ಇದಕ್ಕಿಂತ ಚಿಕ್ಕವು. "ನಮಗೆ ಯಾವ ಕಾನೂನೂ ಇಲ್ಲ" ಎಂದು ಚಿಕ್ಕವರು ಎದೆ ತಟ್ಟಿಕೊಳ್ಳುವುದನ್ನು ಕೇಳಿದ್ದೇನೆ. ಅದು ಸುಳ್ಳು. ಕನಿಷ್ಠ ಕೂಲಿ ಒಬ್ಬರೇ ಕೆಲಸಗಾರರಿದ್ದರೂ ಕೊಡಬೇಕು. ಅದನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರ. ಅದರ ಜೊತೆ ಸೇರುವ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹಾಗಾಗಿ ಹೋದ ವರ್ಷದ ಲೆಕ್ಕ ಈ ವರ್ಷ ನಡೆಯುವುದಿಲ್ಲ. ಒಂದೇ ಕೆಲಸಕ್ಕೆ ಗಂಡಸಿಗೆ ಒಂದು, ಹೆಂಗಸಿಗೆ ಒಂದು ಕೂಲಿ ಎಂಬುದೂ ನಡೆಯುವುದಿಲ್ಲ. 1976ರಿಂದಲೇ ನಡೆಯಬಾರದಿತ್ತು. ಈಗಲೂ ನಡೆಯುತ್ತಿದೆ ಅನ್ನುವುದು ಬೇರೆ ಮಾತು.

20 ಅಥವಾ ಹೆಚ್ಚು ಜನರಿದ್ದರೆ ಪಿಎಫ್ ಮತ್ತು ಬೋನಸ್ ಸೇರಿಕೊಳ್ಳುತ್ತವೆ. ಬೋನಸ್ ವರ್ಷದ ಕೂಲಿಯಲ್ಲಿ ಕನಿಷ್ಠ ಶೇ 8.33, ಗರಿಷ್ಠ ಶೇ 20. ಸಾಹುಕಾರ್ರು ಹಬ್ಬಕ್ಕೆ ಕೊಡುವ ಸೀರೆ, ಪಂಚೆ ಬೋನಸ್ ಅಲ್ಲ. ಅದು ಉಡುಗೊರೆ. ಸಂತೋಷದಿಂದ ತಗೊಳ್ಳಿ, ಬೋನಸ್ ಬೇರೆ ಕೇಳಿ.

ಹೆಜ್ಜೆ 4: ಮೊದಲ ಮಾತು ತೋಟದೊಳಗೇ ಆಗಲಿ

ರೈಟರ್ ಹತ್ತಿರ ಕೇಳಿ. ಆಗದಿದ್ದರೆ ಮ್ಯಾನೇಜರ್, ಆಮೇಲೆ ಸಾಹುಕಾರ್ರು. ಬಾಯಿಮಾತಿನ ಜೊತೆಗೆ ಒಂದು ಚೀಟಿಯಲ್ಲೂ ಬರೆದು ಕೊಡಿ. ಅರ್ಧದಷ್ಟು ತಕರಾರು ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನುಭವ. ಎಷ್ಟೋ ಸಲ ಮೇಲಿನವರಿಗೆ ವಿಷಯವೇ ತಲುಪಿರುವುದಿಲ್ಲ. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಎರಡೂ ಕಡೆಯವರು ಸಮನಾಗಿ ಕೂರಬೇಕು, 30 ದಿನದಲ್ಲಿ ತೀರ್ಮಾನ ಹೇಳಬೇಕು. ಸಮಿತಿಯ ಹೆಸರು ಬೋರ್ಡಿನಲ್ಲಿ ಮಾತ್ರ ಇದ್ದರೆ, ಅದರಲ್ಲಿ ಯಾರಿದ್ದಾರೆ ಎಂದು ಕೇಳುವುದೇ ಮೊದಲ ಕೆಲಸ.

ಹೆಜ್ಜೆ 5: ಸಂಘ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕೊಡಗಿನ ತೋಟಗಳಲ್ಲಿ ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿಯಂಥ ಕಾರ್ಮಿಕ ಸಂಘಟನೆಗಳಿವೆ. ಮಾಲೀಕರ ಕಡೆ ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ ಇದೆ, ಬೆಳೆಗಾರರ ಒಕ್ಕೂಟಗಳಿವೆ. ದಕ್ಷಿಣ ಭಾರತದ ಪ್ಲಾಂಟರುಗಳ ಒಕ್ಕೂಟ ಉಪಾಸಿ ಹುಟ್ಟಿದ್ದು 1893ರಲ್ಲಿ. ಎಐಟಿಯುಸಿ ಹುಟ್ಟಿದ್ದು 1920ರಲ್ಲಿ. ಮಾಲೀಕರು ಒಂದಾಗಿ ಇಪ್ಪತ್ತೇಳು ವರ್ಷ ಆದಮೇಲೆ! ಈ ಹಿಂದುಮುಂದು ಎಷ್ಟೋ ತೋಟಗಳಲ್ಲಿ ಇನ್ನೂ ಸರಿಹೋಗಿಲ್ಲ ಅನ್ನಿಸುತ್ತದೆ.

ದೊಡ್ಡ ಎಸ್ಟೇಟುಗಳ ಕೂಲಿ, ಕೆಲಸದ ಪ್ರಮಾಣ ಇವೆಲ್ಲ ಸಂಘ ಮತ್ತು ಮಾಲೀಕರ ಸಂಘಟನೆ ಕೂತು ಮಾಡಿಕೊಳ್ಳುವ ಒಪ್ಪಂದದಿಂದ ಬರುತ್ತವೆ. ಒಪ್ಪಂದದ ಪ್ರತಿ ಕೇಳಿ ಪಡೆಯಿರಿ. ಒಬ್ಬರಿಗೆ ಆದ ಅನ್ಯಾಯಕ್ಕೂ ಸಂಘ ಜೊತೆಗೆ ಬರುತ್ತದೆ. ಆದರೆ ನಿಮ್ಮ ಹಾಜರಿ ಪುಸ್ತಕವನ್ನು ಸಂಘ ಬರೆದುಕೊಡುವುದಿಲ್ಲ. ತೋಟದಲ್ಲಿ ಸಂಘವೇ ಇಲ್ಲದಿದ್ದರೆ ಏಳು ಜನ ಸೇರಿ ಹೊಸ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು, ಆ ತೋಟದ ಕೆಲಸಗಾರರಲ್ಲಿ ನೂರು ಜನ ಅಥವಾ ಹತ್ತರಲ್ಲೊಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿದ್ದರೆ. ಅದಕ್ಕಿಂತ ಇರುವ ಸಂಘವನ್ನು ಸೇರುವುದು ಸುಲಭ.

ಕಾಫಿ ಬೋರ್ಡ್ ಬಗ್ಗೆ ಒಂದೇ ಮಾತು. ಅದು 1942ರ ಕಾಯ್ದೆಯಿಂದ ನಡೆಯುವ ಸಂಸ್ಥೆ. ಬೆಳೆ, ಸಂಶೋಧನೆ, ಮಾರುಕಟ್ಟೆ ಅದರ ಕೆಲಸ. ಕೂಲಿ ತಕರಾರಿಗೆ ಅಲ್ಲಿಗೆ ಹೋಗಬೇಡಿ.

ಹೆಜ್ಜೆ 6: ಕಾರ್ಮಿಕ ಇಲಾಖೆ

ತೋಟದೊಳಗೆ ಬಗೆಹರಿಯದಿದ್ದರೆ ಇಲಾಖೆಯ ಬಾಗಿಲು. ಜಿಲ್ಲಾ ಮಟ್ಟದ ಕಚೇರಿ ಮಡಿಕೇರಿಯಲ್ಲಿದೆ. ಇಲ್ಲಿ ಎರಡು ಥರದ ಕೆಲಸ ನಡೆಯುತ್ತದೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಕೂಲಿ ಕಡಿಮೆ ಕೊಟ್ಟರು, ಬೋನಸ್ ಕೊಟ್ಟಿಲ್ಲ ಎಂಬುದು ಒಂದು ಥರ. ಅದು ಕಾನೂನು ಮುರಿದ ದೂರು, ತನಿಖೆ ಮಾಡಿ ಕೊಡಿಸಬೇಕು. ಕೆಲಸದಿಂದ ತೆಗೆದರು, ಕೆಲಸದ ಪ್ರಮಾಣ ಹೆಚ್ಚಿಸಿದರು ಎಂಬುದು ಇನ್ನೊಂದು ಥರ. ಅದು ವಿವಾದ. ಅದರಲ್ಲಿ ಅಧಿಕಾರಿ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ. ಅವರು ಜಡ್ಜ್ ಅಲ್ಲ. ತೀರ್ಪು ಕೊಡುವುದಿಲ್ಲ. "ಆಫೀಸರ್ ಏನೂ ಮಾಡಲಿಲ್ಲ" ಎಂದು ಬೈಯುವವರು ಇದನ್ನು ಮರೆತಿರುತ್ತಾರೆ.

ಕೆಲಸದಿಂದ ತೆಗೆದ ಪ್ರಕರಣದಲ್ಲಿ, ರಾಜಿಗೆ ಅರ್ಜಿ ಕೊಟ್ಟು 45 ದಿನವಾದರೂ ಬಗೆಹರಿಯದಿದ್ದರೆ ಕೆಲಸಗಾರರು ತಾವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷ ದಾಟಿಸಬೇಡಿ. ವಕೀಲರ ಖರ್ಚಿನ ಭಯ ಬೇಡ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ಸಹಾಯವಾಣಿ 15100.

ಹೆಜ್ಜೆ 7: ಕೆಲವಕ್ಕೆ ಬಾಗಿಲೇ ಬೇರೆ

ಅಡ್ವಾನ್ಸ್ ವಿಷಯ ಇಲ್ಲಿ ಬರುತ್ತದೆ. ಮದುವೆಗೋ ಆಸ್ಪತ್ರೆಗೋ ಮುಂಗಡ ಪಡೆಯುವುದು ತೋಟದಲ್ಲಿ ಮಾಮೂಲು. ಅದು ತಪ್ಪಲ್ಲ. ಆದರೆ "ಸಾಲ ತೀರುವ ತನಕ ಈ ಲೈನ್ ಬಿಟ್ಟು ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ" ಎಂದ ಕ್ಷಣ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲವನ್ನೇ ಅಳಿಸಿಹಾಕುತ್ತದೆ. ಆಧಾರ್ ಕಾರ್ಡ್ ಹಿಡಿದಿಟ್ಟುಕೊಳ್ಳುವುದೂ ಇದೇ ದಾರಿಯಲ್ಲಿ ಒಂದು ಹೆಜ್ಜೆ. ತಲೆಮಾರುಗಳಿಂದ ಲೈನ್ ಮನೆಗಳಲ್ಲಿರುವ ಯರವರು, ಪಣಿಯರು, ಜೇನುಕುರುಬರಲ್ಲಿ ಎಷ್ಟೋ ಮಂದಿಗೆ ಸಾಲ ಎಷ್ಟು ಉಳಿದಿದೆ ಎಂಬ ಲೆಕ್ಕವೂ ಗೊತ್ತಿರುವುದಿಲ್ಲ, ಹೇಳುವವರೂ ಇಲ್ಲ. ಈ ದೂರು ಕಾರ್ಮಿಕ ಕಚೇರಿಗಲ್ಲ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ. ಬಿಡುಗಡೆ ಪತ್ರವನ್ನು ಕೇಳಿ ಪಡೆಯಲೇಬೇಕು. ಪುನರ್ವಸತಿಯ ನೆರವು ಆ ಪತ್ರದ ಮೇಲೇ ಬರುತ್ತದೆ.

ಮರಗಸಿಯಲ್ಲಿ ಕೊಂಬೆಯಿಂದ ಬಿದ್ದರೆ, ಕರಿಮೆಣಸು ಕೀಳುವಾಗ ಏಣಿ ಜಾರಿದರೆ, ಅದು ಕೆಲಸದ ಅಪಘಾತ. ಪರಿಹಾರ ಮಾಲೀಕರ ಹೊಣೆ. "ಆಸ್ಪತ್ರೆ ಬಿಲ್ ಕಟ್ಟಿದ್ದೇವೆ" ಎಂದರೆ ಮುಗಿಯಲಿಲ್ಲ. ಆನೆ ದಾಳಿಯಾದರೆ ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಹಾಕಬೇಕು. ಕೆಲಸದ ಹೊತ್ತಿನಲ್ಲಿ ಆಗಿದ್ದರೆ ಮಾಲೀಕರ ಹೊಣೆ ಬೇರೆಯೇ ಲೆಕ್ಕ. ಒಂದು ಸಿಕ್ಕಿತೆಂದು ಇನ್ನೊಂದನ್ನು ಕೇಳದೆ ಬಿಡಬೇಡಿ.

ತೋಟದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳವಾದರೆ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಒಳಗೇ ದೂರು ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ತೋಟದವರು, ಅಥವಾ ಕಿರುಕುಳ ಕೊಟ್ಟವರು ಮಾಲೀಕರೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬೇಕು. ಮೂರು ತಿಂಗಳೊಳಗೆ.

ಹೆಜ್ಜೆ 8: ಕಚೇರಿಗೆ ಹೋಗುವ ದಿನ

ಶುಕ್ರವಾರ ಮಡಿಕೇರಿ ಸಂತೆ. ಹೇಗೂ ಬರುತ್ತೇವಲ್ಲ ಎಂದು ಎಲ್ಲರೂ ಅಂದೇ ಬರುತ್ತಾರೆ, ಕಚೇರಿಗಳಲ್ಲಿ ಜನ ಜಾಸ್ತಿ. ಬೇರೆ ದಿನ ಹೋಗಿ. ಅರ್ಜಿ ಕನ್ನಡದಲ್ಲೇ ಇರಲಿ, ಒಂದೇ ಪುಟ: ನೀವು ಯಾರು, ತೋಟ ಯಾರದು, ಎಲ್ಲಿದೆ, ಎಂದಿನಿಂದ ಕೆಲಸ, ಏನಾಯಿತು, ಎಷ್ಟು ಬಾಕಿ, ಏನು ಆಗಬೇಕು. ಹಾಜರಿ ಪುಸ್ತಕದ ಝೆರಾಕ್ಸ್ ಲಗತ್ತಿಸಿ, ಅಸಲನ್ನು ಯಾರಿಗೂ ಕೊಡಬೇಡಿ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. "ನಾಳೆ ಹಾಕಿಕೊಡ್ತೀವಿ" ಎಂದರೆ ಬೆಂಚಿನ ಮೇಲೆ ಕೂತಿರಿ. ಆ 45 ದಿನ ಎಣಿಸಲು ಬೇಕಾಗುವುದು ಅದೇ ಸೀಲಿನ ದಿನಾಂಕ.