ಒಂದೇ ತಂತ್ರಾಂಶದ ಆಸೆ ಬಿಟ್ಟ ಮೇಲೆ ಸರಿಹೋದ ಟ್ರಾಫಿಕ್ ಗ್ರಾಫ್

ಇಂಟರ್‌ನೆಟ್ ಜಾಲದ ಟ್ರಾಫಿಕ್ ನೋಡಲು ಮೂರು ಬೇರೆ ಬೇರೆ ತಂತ್ರಾಂಶ ಇಟ್ಟುಕೊಳ್ಳುತ್ತೇನೆ ಅಂದಾಗ ನಮ್ಮ ಕಡೆಯ ಆಪರೇಟರುಗಳಲ್ಲಿ ಒಬ್ಬರೂ ಒಪ್ಪಲಿಲ್ಲ. "ಎಲ್ಲ ಒಂದರಲ್ಲೇ ಬರುವಂಥದ್ದು ಸಿಗುತ್ತದಲ್ಲ ಮಾರಾಯ, ಈ ಹಳೇ ಆರ್‌ಆರ್‌ಡಿ ಕಾಲದ ಸಾಮಾನು ಯಾಕೆ?" ಅಂತ ಕೇಳಿದವರೇ ಹೆಚ್ಚು. (ಆರ್‌ಆರ್‌ಡಿ ಅಂದರೆ ಹಳೇ ಅಂಕಿಗಳನ್ನು ಸರಾಸರಿಗೆ ಇಳಿಸುತ್ತಾ, ಗಾತ್ರ ಬೆಳೆಯದಂತೆ ಇಡುವ ಫೈಲ್.) ನಮಗೆ ಇಂಟರ್‌ನೆಟ್ ಕೊಡುವ ಮೇಲಿನ ಕಂಪನಿಯ ಜೊತೆ ಕಳೆದ ಮಳೆಗಾಲದಲ್ಲಿ ಆದ ಬಿಲ್ ತಕರಾರು ಇತ್ಯರ್ಥವಾದ ಮೇಲೆ ಅವರಲ್ಲೇ ಕೆಲವರು ಬಂದು ನಮ್ಮ ಸೆಟಪ್ ನೋಡಿಕೊಂಡು ಹೋಗಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ನಮ್ಮದು ಸಾಗರದ ಸುತ್ತಿನ ಸಣ್ಣ ಜಾಲ. ಎಂಟುನೂರರ ಆಸುಪಾಸು ಗ್ರಾಹಕರು, ನಾಲ್ಕು ಓಎಲ್‌ಟಿ (ಗ್ರಾಹಕರ ಮನೆಯ ಫೈಬರ್‌ಗಳು ಬಂದು ಸೇರುವ ಪೆಟ್ಟಿಗೆ), ಒಂದು ಪಿಪಿಪಿಒಇ ರೌಟರ್ (ಗ್ರಾಹಕರು ಲಾಗಿನ್ ಆಗುವುದು ಇದರಲ್ಲಿ), ಮೇಲಿನ ಕಂಪನಿಯಿಂದ ಎರಡು ಲಿಂಕ್. ಒಂದು ಮುಖ್ಯ, ಇನ್ನೊಂದು ಬೇರೆ ದಾರಿಯಲ್ಲಿ ಬರುವ ಬ್ಯಾಕಪ್.

ಮೊದಲು ಇದ್ದದ್ದು ಕ್ಯಾಕ್ಟಿ ಎಂಬ ಗ್ರಾಫ್ ತಂತ್ರಾಂಶ. ಹಿಂದೆ ಕೆಲಸ ಮಾಡಿದವರು ಹಾಕಿಟ್ಟು ಹೋಗಿದ್ದರು. ರಾತ್ರಿ ಒಂಬತ್ತಕ್ಕೆ ಗ್ರಾಹಕರು ಹೆಚ್ಚಾದಂತೆ ಗ್ರಾಫ್ ಇಳಿಯುತ್ತಿತ್ತು. 110 ಎಂಬಿಪಿಎಸ್ ಹತ್ತಿರ ಹೋಗಿ ದಬಕ್ಕನೆ 20ಕ್ಕೆ ಬೀಳುವುದು, ಮತ್ತೆ ಏರುವುದು. ತಂತ್ರಾಂಶವೇ ಕೆಟ್ಟಿದೆ ಅಂತ ಎಲ್ಲರ ತೀರ್ಮಾನ. ಲೆಕ್ಕ ಹಾಕಿ ನೋಡಿದರೆ ವಿಷಯ ಬೇರೆ. ಪೋರ್ಟಿನಲ್ಲಿ ಹೋದ ಬೈಟ್ ಎಣಿಸುವ 32 ಬಿಟ್ ಕೌಂಟರ್ 4.29 ನೂರು ಕೋಟಿ ಬೈಟಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ 114 ಎಂಬಿಪಿಎಸ್ ದಾಟಿದ್ದೇನೂ ಅದಕ್ಕೆ ಕಾಣುವುದೇ ಇಲ್ಲ. ಆ ಕೌಂಟರನ್ನು ದೂರದಿಂದ ಓದಲು ಬಳಸುವ ಎಸ್‌ಎನ್‌ಎಂಪಿಯ ವರ್ಷನ್ 1ರಲ್ಲಿ 64 ಬಿಟ್ ಕೌಂಟರ್ ಇಲ್ಲ. 2ಸಿಗೆ ಬದಲಿಸಿ ಐಎಫ್‌ಎಚ್‌ಸಿ ಎಂಬ 64 ಬಿಟ್ ಕೌಂಟರ್ ಓದಿಸಿದ ದಿನವೇ ಗ್ರಾಫ್ 400 ತೋರಿಸಿತು. ನಿಮ್ಮ ಹಳೇ ಗ್ರಾಫ್ ಯಾವುದಾದರೂ 114ರ ಕೆಳಗೇ ಒದ್ದಾಡುತ್ತಿದ್ದರೆ ಮೊದಲು ಇದನ್ನು ನೋಡಿ.

ಆದರೂ ಹೊಸ ಓಎಲ್‌ಟಿ ಸೇರಿಸಿದಾಗಲೆಲ್ಲ ಕ್ಯಾಕ್ಟಿಯಲ್ಲಿ ಟೆಂಪ್ಲೇಟ್ ಹೊಂದಿಸುತ್ತಾ ಕೂರುವುದು ಸಾಕಾಗಿತ್ತು. ಪಿಆರ್‌ಟಿಜಿ ಎಂಬ ಇನ್ನೊಂದು ತಂತ್ರಾಂಶ ನೋಡಿದೆ. ನೋಡಲು ಚೆಂದ, ವಿಂಡೋಸ್ ಮೇಲೆ ಹತ್ತು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. 100 ಸೆನ್ಸರ್ ತನಕ ಪುಕ್ಕಟೆ, ಆದರೆ ಒಂದು ಪೋರ್ಟ್ ಅಂದರೆ ಒಂದು ಸೆನ್ಸರ್. ನಮ್ಮ ಸ್ವಿಚ್ಚುಗಳನ್ನು ಸೇರಿಸುವಷ್ಟರಲ್ಲೇ ನೂರು ಮುಗಿಯಿತು. ನೂರರ ಮೇಲಿನ ಲೈಸೆನ್ಸಿನ ಬೆಲೆ ಕೇಳಿ, ಕೇಬಲ್ ಟಿವಿ ಕಾಲದಿಂದ ಈ ವ್ಯವಹಾರದಲ್ಲಿರುವ ನಮ್ಮ ಪಾಲುದಾರರು "ಆ ದುಡ್ಡಿಗೆ ಫೈಬರ್ ಜೋಡಿಸುವ ಒಂದು ಸ್ಪ್ಲೈಸಿಂಗ್ ಮಷೀನ್ ಬರುತ್ತದೆ" ಅಂದರು. ಸರಿಯಾದ ಮಾತೇ.

ಆಮೇಲೆ ಜ್ಯಾಬಿಕ್ಸ್. ಅಲಾರಂ ವಿಷಯದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಎಲ್ಲ ಅಂಕಿಯೂ ಡೇಟಾಬೇಸಿಗೆ ಹೋಗುವುದರಿಂದ ನಮ್ಮ ಹಳೇ ಹಾರ್ಡ್‌ಡಿಸ್ಕಿಗೆ ತಡೆಯಲಿಲ್ಲ. ಹಳತನ್ನು ಅಳಿಸುವ ಕೆಲಸ ಶುರುವಾದರೆ ಪರದೆ ತೆರೆಯಲು ಅರ್ಧ ನಿಮಿಷ. ಒಳ್ಳೆಯ ಸರ್ವರ್, ಪಾರ್ಟಿಶನ್ ಮಾಡಿದ ಟೇಬಲ್ ಇದ್ದವರಿಗೆ ಈ ತೊಂದರೆ ಇರಲಾರದು.

ಕೊನೆಗೆ ನಿಂತದ್ದು ಲಿಬ್ರೆಎನ್‌ಎಂಎಸ್, ಎನ್‌ಎಫ್‌ಡಂಪ್ ಮತ್ತು ಸ್ಮೋಕ್‌ಪಿಂಗ್. ಎಷ್ಟು ಹೋಯಿತು, ಯಾರದ್ದು ಹೋಯಿತು, ಗ್ರಾಹಕನಿಗೆ ಹೇಗೆ ಅನ್ನಿಸಿತು ಎಂಬ ಮೂರು ಪ್ರಶ್ನೆಗೆ ಅದೇ ಕ್ರಮದಲ್ಲಿ ಒಂದೊಂದು. ಇದನ್ನೇ ನಾನು ಎಲ್ಲರಿಗೂ ಹೇಳುತ್ತಾ ಬಂದದ್ದು. ಮೂರನ್ನೂ ಒಂದೇ ಕಡೆ ಕೇಳಹೊರಟರೆ ಮೂರಕ್ಕೂ ಅರೆಬರೆ ಉತ್ತರ ಸಿಗುತ್ತದೆ.

ಲಿಬ್ರೆಎನ್‌ಎಂಎಸ್ ಹಾಕಿದ ಕೂಡಲೇ ಒಂದು ಪೆಟ್ಟು ಬಿತ್ತು. ಅದು ಪಿಪಿಪಿಒಇ ರೌಟರಿನಲ್ಲಿ ಕಂಡ ಒಂದೊಂದು ಗ್ರಾಹಕ ಸಂಪರ್ಕವನ್ನೂ ಪೋರ್ಟ್ ಅಂದುಕೊಂಡಿತು. ಗ್ರಾಹಕನ ಮನೆಯಲ್ಲಿ ಒಮ್ಮೆ ಕರೆಂಟ್ ಹೋಗಿ ಬಂದರೆ ಹೊಸ ಇಂಟರ್‌ಫೇಸ್ ನಂಬರ್, ಹೊಸ ಫೈಲ್. ನಮ್ಮ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಹೇಳಬೇಕಿಲ್ಲ. ವಾರದೊಳಗೆ ಆರ್‌ಆರ್‌ಡಿ ಫೈಲುಗಳು ಸಾವಿರಗಟ್ಟಲೆ, ಅಷ್ಟೂ ಇಂಟರ್‌ಫೇಸ್ ಓದಿಸುವಷ್ಟರಲ್ಲಿ ರೌಟರಿನ ಸಿಪಿಯು ಏರಿ ಕೂರುತ್ತಿತ್ತು. ಪಿಪಿಪಿಒಇ ಹೆಸರಿನಿಂದ ಶುರುವಾಗುವ ಇಂಟರ್‌ಫೇಸುಗಳನ್ನೆಲ್ಲ ಬಿಡು ಅಂತ ಕಾನ್ಫಿಗ್‌ನಲ್ಲಿ ಒಂದು ಸಾಲು ಹಾಕಿದೆ, ಸರಿಹೋಯಿತು. ಒಬ್ಬೊಬ್ಬ ಗ್ರಾಹಕನ ಬಳಕೆ ಹೇಗೂ ರೇಡಿಯಸ್ ಅಕೌಂಟಿಂಗ್‌ನಲ್ಲಿ (ಲಾಗಿನ್ ನೋಡಿಕೊಳ್ಳುವ ಸರ್ವರಿನ ಲೆಕ್ಕದಲ್ಲಿ) ಇದ್ದೇ ಇರುತ್ತದೆ. ಅದನ್ನು ಮತ್ತೊಮ್ಮೆ ಎಸ್‌ಎನ್‌ಎಂಪಿಯಲ್ಲಿ ಕೇಳುವುದು ದಂಡ.

ಇನ್ನು ದುಡ್ಡಿನ ಕಥೆ. ನಮಗೆ ಬಿಲ್ 95ನೇ ಪರ್ಸೆಂಟೈಲ್ ಲೆಕ್ಕದಲ್ಲಿ. 30 ದಿನದ ತಿಂಗಳಲ್ಲಿ ಐದು ನಿಮಿಷದ ಅಂಕಿ 8,640. ಮೇಲಿನ 432 ಬಿಟ್ಟು ಉಳಿದದ್ದರಲ್ಲಿ ದೊಡ್ಡದು ಯಾವುದೋ ಅದಕ್ಕೆ ದುಡ್ಡು. 432 ಅಂದರೆ 36 ತಾಸು. ಆ ಜುಲೈನಲ್ಲಿ ಮರ ಬಿದ್ದು ಒಮ್ಮೆ, ರಸ್ತೆ ಕೆಲಸದ ಜೆಸಿಬಿಯಿಂದ ಒಮ್ಮೆ ಮುಖ್ಯ ಫೈಬರ್ ತುಂಡಾಗಿ, ಎಲ್ಲ ಸೇರಿ ನಾಲ್ಕೈದು ದಿನ ಬ್ಯಾಕಪ್ ಮೇಲೆ ಓಡಿಸಿದೆವು. 31 ದಿನದ ಜುಲೈಗೆ ಬಿಡುವ ಸುಮಾರು 37 ತಾಸನ್ನೂ ಮೀರಿದ್ದರಿಂದ ಬ್ಯಾಕಪ್ ಲಿಂಕಿನ 95ನೇ ಅಂಕಿ ಸೊನ್ನೆಯ ಹತ್ತಿರದಿಂದ 600 ಎಂಬಿಪಿಎಸ್‌ಗೆ ಹಾರಿತು. ಮೇಲಿನ ಕಂಪನಿಯವರು ಎರಡೂ ಲಿಂಕಿಗೆ ಬೇರೆ ಬೇರೆ ಪರ್ಸೆಂಟೈಲ್ ತೆಗೆದು ಕೂಡಿಸಿ, 1,300ರ ಮೇಲೆ ಬಿಲ್ ಕಳಿಸಿದರು. ಎರಡೂ ಲಿಂಕ್ ಒಟ್ಟಿಗೆ ತುಂಬಿದ ಗಳಿಗೆ ಒಂದೂ ಇರಲಿಲ್ಲ.

ಇಲ್ಲಿ ಕೆಲಸಕ್ಕೆ ಬಂದದ್ದು ಲಿಬ್ರೆಎನ್‌ಎಂಎಸ್‌ನ ಬಿಲ್ಲಿಂಗ್ ಭಾಗ. ತಾನಾಗಿ ಓಡುವುದಿಲ್ಲ, ನಾವೇ ಚಾಲೂ ಮಾಡಬೇಕು. ಒಂದೇ ಬಿಲ್ಲಿಗೆ ಎರಡು ಪೋರ್ಟ್ ಸೇರಿಸಿದರೆ ಅದು ಐದೈದು ನಿಮಿಷಕ್ಕೂ ಎರಡನ್ನೂ ಕೂಡಿಸಿ, ಆಮೇಲೆ ಪರ್ಸೆಂಟೈಲ್ ತೆಗೆಯುತ್ತದೆ. ನಮ್ಮ ಲೆಕ್ಕ 720 ಚಿಲ್ಲರೆ. ಮಾಮೂಲಿ ಗ್ರಾಫ್ ತೋರಿಸಿದ್ದರೆ ನಡೆಯುತ್ತಿರಲಿಲ್ಲ, ಯಾಕೆಂದರೆ ವಾರ ಕಳೆದ ಮೇಲೆ ಆರ್‌ಆರ್‌ಡಿ ಐದೈದು ನಿಮಿಷದ ಅಂಕಿ ಬಿಟ್ಟು ಅರ್ಧ ಗಂಟೆಗೊಂದರಂತೆ ಮಾತ್ರ ಉಳಿಸಿಕೊಳ್ಳುತ್ತದೆ. ಬಿಲ್ಲಿಂಗ್ ಅಂಕಿ ಡೇಟಾಬೇಸಿನಲ್ಲಿ ಇದ್ದ ಹಾಗೇ ಇರುತ್ತದೆ. ಜೊತೆಗೆ ಆ ಎರಡು ಪೋರ್ಟಿಗೆ ಮಾತ್ರ 400 ದಿನದ ಐದು ನಿಮಿಷದ ಅಂಕಿ ಹಿಡಿಯುವ ನನ್ನದೇ ಆರ್‌ಆರ್‌ಡಿ ಫೈಲ್ ಇತ್ತು. ಒಂದು ಪೋರ್ಟಿಗೆ 2 ಎಂಬಿಯೂ ಆಗುವುದಿಲ್ಲ. ಎರಡೂ ಹೊಂದಿದವು. ಸುಮಾರು ಎಪ್ಪತ್ತು ಸಾವಿರ ಕ್ರೆಡಿಟ್ ನೋಟ್ ಬಂತು, ಒಪ್ಪಂದದಲ್ಲಿ "ಎರಡೂ ಲಿಂಕಿನ ಒಟ್ಟು ಮೊತ್ತದ ಮೇಲೆ" ಅನ್ನುವ ಸಾಲೂ ಸೇರಿತು. ಈ ಸಾಲು ಹಾಕಿಸಿಕೊಂಡವರು ನಮ್ಮ ಸುತ್ತಿನಲ್ಲಿ ನಾವೇ ಮೊದಲು ಅಂತ ನನ್ನ ನಂಬಿಕೆ.

ಎನ್‌ಎಫ್‌ಡಂಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲೋವನ್ನು (ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಎಂಬ ದಾಖಲೆ) ನ್ಯಾಟ್ ಆಗುವ, ಅಂದರೆ ಗ್ರಾಹಕರ ವಿಳಾಸ ಹೊರಗಿನ ವಿಳಾಸಕ್ಕೆ ಬದಲಾಗುವ ಮುಂಚಿನ ಕಡೆ ಹಿಡಿಯಿರಿ. ರೌಟರಿನ ಗಡಿಯಾರ ಸರಿ ಇರಲಿ, ಇಲ್ಲವಾದರೆ ರೀಬೂಟ್ ಆದ ಮೇಲಿನ ದಾಖಲೆಗಳಲ್ಲಿ 1970ರ ಜನವರಿ ಕಾಣುತ್ತದೆ. ಬಿಜಿಪಿ (ಜಾಲಗಳು ಪರಸ್ಪರ ದಾರಿ ಹೇಳಿಕೊಳ್ಳುವ ವ್ಯವಸ್ಥೆ) ಇಲ್ಲದ ರೌಟರಿನಿಂದ, ಟ್ರಾಫಿಕ್ ಯಾರ ಜಾಲದ್ದು ಅಂತ ಹೇಳುವ ಎಎಸ್ ನಂಬರ್ ಬರೀ ಸೊನ್ನೆ ಬರುತ್ತದೆ. ಹತ್ತಿರದಲ್ಲೇ ನಕಲು ಇಟ್ಟುಕೊಂಡಿರುವ ಕ್ಯಾಶ್ ಸರ್ವರಿನಿಂದ ಬಂದದ್ದೆಷ್ಟು, ಹೊರಗಿನದೆಷ್ಟು ಅಂತ ನಾನು ಬೇರ್ಪಡಿಸುವ ದಾರಿ ಒಂದಿದೆ. ಮೇಲಿನವರ ಜೊತೆ ದರ ಮಾತಾಡುವಾಗ ಅದೇ ನನ್ನ ಬಲ, ಆದ್ದರಿಂದ ಅದು ನನ್ನಲ್ಲೇ ಇರಲಿ.

ಸ್ಮೋಕ್‌ಪಿಂಗ್, ಹಳೇ ಗ್ರಾಫ್ ತಂತ್ರಾಂಶ ಎಂಆರ್‌ಟಿಜಿ ಬರೆದ ಟೋಬಿಯಾಸ್ ಓಟಿಕರ್ ಅವರದ್ದೇ. ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡಲು ಐದು ನಿಮಿಷಕ್ಕೆ ಇಪ್ಪತ್ತು ಪಿಂಗ್, ಅಷ್ಟೆ. ಆ ಸಮಯ ಏರುಪೇರಾದಷ್ಟೂ ಗ್ರಾಫಿನಲ್ಲಿ ಹೊಗೆಯಂಥ ನೆರಳು ಹರಡುತ್ತದೆ. ಒಂದು ಓಎಲ್‌ಟಿಯ ಗ್ರಾಹಕರು ರಾತ್ರಿ ನೆಟ್ ನಿಧಾನ ಅಂತ ಬಯ್ಯುತ್ತಿದ್ದರು. ಅಪ್‌ಲಿಂಕ್ 1 ಜಿ, ಗ್ರಾಫಿನಲ್ಲಿ 760. ಜಾಗ ಇದೆಯಲ್ಲ ಅಂತ ಎಲ್ಲರೂ. ಸ್ಮೋಕ್‌ಪಿಂಗ್‌ನಲ್ಲಿ ಮಾತ್ರ ಒಂಬತ್ತರಿಂದ ಹನ್ನೊಂದರ ತನಕ ಹೊಗೆ ದಟ್ಟವಾಗಿ ಕಾಣುತ್ತಿತ್ತು, ನಡುನಡುವೆ ಪ್ಯಾಕೆಟ್ ಲಾಸ್. ಪರೀಕ್ಷೆಗೆಂದು ಆ ಒಂದೇ ಪೋರ್ಟಿಗೆ ಪ್ರೊಮೀಥಿಯಸ್ ಎಂಬ ಅಂಕಿ ಸಂಗ್ರಹಿಸುವ ತಂತ್ರಾಂಶ ಇಟ್ಟು ಹತ್ತು ಸೆಕೆಂಡಿಗೊಮ್ಮೆ ಓದಿಸಿ ಗ್ರಾಫಾನಾದಲ್ಲಿ ನೋಡಿದೆ. ಗೆರೆ ಆಗಾಗ ಹೋಗಿ 1 ಜಿಯ ತಾರಸಿಗೆ ಬಡಿಯುತ್ತಿತ್ತು. ಐದು ನಿಮಿಷದ ಸರಾಸರಿ ಅದನ್ನೆಲ್ಲ ಸವರಿ ಹಾಕಿತ್ತು. 10 ಜಿ ಮಾಡ್ಯೂಲ್ ಹಾಕಿದ ಮೇಲೆ ಆ ಕಡೆಯಿಂದ ಫೋನ್ ಬರುವುದು ನಿಂತಿತು. ಎಲ್ಲ ಪೋರ್ಟಿಗೂ ಹತ್ತು ಸೆಕೆಂಡ್ ಮಾಡಬೇಡಿ, ಹಳೇ ಸ್ವಿಚ್ಚುಗಳು ಉತ್ತರ ಕೊಡುವುದನ್ನೇ ಬಿಡುತ್ತವೆ.

ಖರ್ಚು? ಹಳೇ ಐ5 ಡೆಸ್ಕ್‌ಟಾಪ್, 16 ಜಿಬಿ ರ್‍ಯಾಮ್, ಹೊಸ ಎಸ್‌ಎಸ್‌ಡಿ, ಯುಪಿಎಸ್ ಬ್ಯಾಟರಿ. ಎಲ್ಲ ಸೇರಿ ಹದಿನೈದು ಸಾವಿರ ದಾಟಲಿಲ್ಲ. ಮೊದಲು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡಿಸಿದ್ದೆ. ಸಾವಿರಾರು ಸಣ್ಣ ಬರಹಗಳಿಗೆ ಮೆಮೊರಿ ಕಾರ್ಡ್ ತಾಳಲಿಲ್ಲ. ಈಗ ಆರ್‌ಆರ್‌ಡಿಕ್ಯಾಶ್‌ಡಿ ಎಂಬ ಸಹಾಯಕ ತಂತ್ರಾಂಶ ಬರಹಗಳನ್ನು ಒಟ್ಟುಮಾಡಿ ಡಿಸ್ಕಿಗೆ ಇಳಿಸುತ್ತದೆ, ಡಿಸ್ಕಿನ ದೀಪ ಮಿಣುಕುವುದೇ ಅಪರೂಪ. 32 ಬಿಟ್ ಓಎಸ್ ಇರುವ ಪೈನಿಂದ 64 ಬಿಟ್ ಡೆಸ್ಕ್‌ಟಾಪಿಗೆ ಹೋಗುವವರು ಆರ್‌ಆರ್‌ಡಿ ಫೈಲುಗಳನ್ನು ಹಾಗೇ ಕಾಪಿ ಮಾಡಿದರೆ ತೆರೆಯುವುದಿಲ್ಲ. ಹಳೇ ಯಂತ್ರದಲ್ಲೇ ಡಂಪ್ ಮಾಡಿ ಎಕ್ಸ್‌ಎಂಎಲ್‌ಗೆ ಇಳಿಸಿ, ಹೊಸದರಲ್ಲಿ ರಿಸ್ಟೋರ್ ಮಾಡಿ. ಕಾರ್ಡ್ ಪೂರ್ತಿ ಸಾಯುವ ಮೊದಲೇ ಮಾಡಿಕೊಳ್ಳಿ.