ರೌಟರ್ ಲಿಫ್ಟ್ ಕೊಳ್ಳುವ ಮುನ್ನ ಅಳೆಯಬೇಕಾದ್ದು

ಬಿಟ್ ಎಂಬ ಕತ್ತರಿಸುವ ಅಲಗನ್ನು ವೇಗವಾಗಿ ತಿರುಗಿಸಿ ಮರದಲ್ಲಿ ತೋಡು, ಅಂಚು ಕೊರೆಯುವ ಯಂತ್ರ ರೌಟರ್. ಅದನ್ನು ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುವ ಬದಲು ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು, ಮರವನ್ನೇ ಬಿಟ್‌ನ ಎದುರು ತಳ್ಳಿದರೆ ಬೀಡಿಂಗ್ ಪಟ್ಟಿ, ಶಟರ್‌ನ ಚೌಕಟ್ಟು, ಡ್ರಾಯರ್‌ನ ಜೋಡಣೆ ಎಲ್ಲವೂ ಸಲೀಸು. ತೊಡಕು ಬರುವುದು ಬಿಟ್‌ನ ಎತ್ತರ ಬದಲಿಸುವಾಗ. ಮೇಜಿನ ಕೆಳಗೆ ಮಂಡಿಯೂರಿ, ಕ್ಲ್ಯಾಂಪ್ ಸಡಿಲಿಸಿ, ನಾಲ್ಕೈದು ಕಿಲೋ ತೂಗುವ ಮೋಟಾರನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅರ್ಧ ಮಿಲಿಮೀಟರ್ ಮೇಲೇರಿಸುವುದೆಂದರೆ ಪಳಗಿದ ಬಡಗಿಗೂ ತಾಳ್ಮೆ ತಪ್ಪುತ್ತದೆ. ಲಿಫ್ಟ್ ಇರುವುದು ಇದಕ್ಕಾಗಿ. ಮೇಜಿನ ಮೇಲ್ಮೈಗೆ ಸಮನಾಗಿ ಕೂರುವ ಒಂದು ಪ್ಲೇಟ್, ಅದರಡಿ ಮೋಟಾರನ್ನು ಅಪ್ಪಿ ಹಿಡಿಯುವ ಹಿಡಿತ, ಆ ಹಿಡಿತವನ್ನು ಏರಿಸಿ ಇಳಿಸುವ ಸ್ಕ್ರೂ. ಮೇಲಿನಿಂದಲೇ ಹಿಡಿಕೆ ತಿರುಗಿಸಿದರಾಯಿತು.

ಒಳ್ಳೆಯ ಲಿಫ್ಟ್ ಎಷ್ಟೋ ಸಲ ರೌಟರ್‌ಗಿಂತ ದುಬಾರಿ. ಆದ್ದರಿಂದ ಆತುರ ಬೇಡ.

ಮೊದಲು ನಿಮ್ಮ ರೌಟರ್ ನೋಡಿ

ರೌಟರ್‌ಗಳಲ್ಲಿ ಎರಡು ಜಾತಿ. ಫಿಕ್ಸೆಡ್ ಬೇಸ್ ರೌಟರ್‌ನ ಉರುಟು ಮೋಟಾರನ್ನು ಬೇಸ್‌ನಿಂದ ಪೂರ್ತಿಯಾಗಿ ಹೊರಗೆ ತೆಗೆಯಬಹುದು. ಪ್ಲಂಜ್ ರೌಟರ್‌ನ ಮೋಟಾರ್ ಎರಡು ಕಂಬಗಳ ಮೇಲೆ ಸ್ಪ್ರಿಂಗ್ ಆಸರೆಯಲ್ಲಿ ಜಾರುತ್ತದೆ; ಬಹುಪಾಲು ಮಾದರಿಗಳಲ್ಲಿ ಅದು ಬೇಸ್ ಬಿಟ್ಟು ಬರುವುದಿಲ್ಲ. ಹೆಸರುವಾಸಿ ಲಿಫ್ಟ್‌ಗಳಲ್ಲಿ ಹೆಚ್ಚಿನವು ಮೊದಲ ಜಾತಿಗೆ ಮಾತ್ರ ಹೊಂದುತ್ತವೆ. ಅಮೆರಿಕದ ವುಡ್‌ಪೆಕರ್ಸ್, ಕೆನಡಾದ ಜೆಸೆಮ್ ಕಂಪನಿಗಳ ದೊಡ್ಡ ಲಿಫ್ಟ್‌ಗಳು ಪೋರ್ಟರ್ ಕೇಬಲ್ 7518 ಮಾದರಿಯ 4.2 ಇಂಚು ವ್ಯಾಸದ ಮೋಟಾರನ್ನು ಹಿಡಿಯುತ್ತವೆ. ಬಾಷ್ 1617ರಂಥ 3.5 ಇಂಚಿನ ಮೋಟಾರ್‌ಗಳಿಗೆ ಅಡಾಪ್ಟರ್ ಬೇಕು.

ನಮ್ಮ ಊರುಗಳ ಅಂಗಡಿಯಲ್ಲಿ ಸಿಗುವ ಮಕಿಟಾ ಎಂ3600, ಬಾಷ್ ಜಿಒಎಫ್ 130 ಎರಡೂ ಪ್ಲಂಜ್ ರೌಟರ್‌ಗಳು. ಇವನ್ನು ಇಟ್ಟುಕೊಂಡು ಅಂಥ ಲಿಫ್ಟ್ ತರಿಸಿದರೆ ದುಡ್ಡು ದಂಡ. ‘ಎಲ್ಲ ರೌಟರ್‌ಗೂ ಹೊಂದುತ್ತದೆ’ ಎಂಬ ಜಾಹೀರಾತಿನ ಮಾತನ್ನು ಪಕ್ಕಕ್ಕಿಟ್ಟು, ನಿಮ್ಮ ಮಾದರಿಯ ಹೆಸರು ಲಿಫ್ಟ್ ತಯಾರಕರ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲವಾದರೆ ವರ್ನಿಯರ್ ಕ್ಯಾಲಿಪರ್‌ನಿಂದ ಮೋಟಾರ್‌ನ ನೇರ ಉರುಟು ಭಾಗವನ್ನು ಎರಡು ಮೂರು ಕಡೆ ಅಳೆಯಿರಿ. ಒಂದು ಮಿಲಿಮೀಟರ್ ವ್ಯತ್ಯಾಸವಿದ್ದರೂ ಹಿಡಿತ ಕೂರುವುದಿಲ್ಲ. ಟ್ರಿಮ್ಮರ್ (ಒಂದೇ ಕೈಯಲ್ಲಿ ಹಿಡಿಯುವ ಚಿಕ್ಕ ರೌಟರ್) ಇರುವವರಿಗೆ ಇದು ಸುಲಭ: ಮಕಿಟಾ ಆರ್‌ಟಿ0700ಸಿ ಯಂಥ 65 ಮಿ.ಮೀ. ವ್ಯಾಸದ ಮೋಟಾರ್‌ಗಳಿಗೆಂದೇ ಚಿಕ್ಕ ಲಿಫ್ಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಬೀಡಿಂಗ್, ಚಿಕ್ಕ ತೋಡು, ಪೆಟ್ಟಿಗೆ ಕೆಲಸಕ್ಕೆ ಅವು ಧಾರಾಳ ಸಾಕು. ತೇಗದ ಬಾಗಿಲಿನ ಪ್ಯಾನಲ್‌ಗೆ ಸಾಲವು.

ಅಮೆರಿಕದಲ್ಲಿರುವ ಮಗನೋ ತಂಗಿಯೋ ಬರುವಾಗ ತರಲಿ ಎಂದುಕೊಳ್ಳುವವರು ಒಂದು ಗಮನಿಸಬೇಕು. ಲಿಫ್ಟ್‌ಗೆ ವಿದ್ಯುತ್ತಿನ ಹಂಗಿಲ್ಲ, ಎಲ್ಲಿಂದ ತಂದರೂ ನಡೆಯುತ್ತದೆ. ರೌಟರ್ ಹಾಗಲ್ಲ. ಅಲ್ಲಿನದು 120 ವೋಲ್ಟ್, ಇಲ್ಲಿನದು 230. ನೇರವಾಗಿ ಪ್ಲಗ್ ಚುಚ್ಚಿದರೆ ಸುಟ್ಟುಹೋಗುತ್ತದೆ.

ಲಿಫ್ಟ್ ಬೇಕೇ ಎಂದೂ ಕೇಳಿಕೊಳ್ಳಿ

ಇನ್ನೂ ರೌಟರ್ ಕೊಂಡಿಲ್ಲವಾದರೆ ಎರಡನ್ನೂ ಒಟ್ಟಿಗೆ ಯೋಚಿಸುವುದು ಜಾಣತನ. ಕೆಲವು ರೌಟರ್‌ಗಳಲ್ಲಿ ಮೇಲಿನಿಂದ ಎತ್ತರ ಬದಲಿಸುವ ವ್ಯವಸ್ಥೆ ಒಳಗೇ ಇರುತ್ತದೆ. ಟ್ರೈಟನ್ ಟಿಆರ್‌ಎ001 ಅಂಥದ್ದು: 2400 ವಾಟ್‌ನ ಪ್ಲಂಜ್ ರೌಟರ್; ಮೇಜಿಗೆ ಜೋಡಿಸುವಾಗ ಸ್ಪ್ರಿಂಗ್ ತೆಗೆದಿಟ್ಟು, ಪ್ಲೇಟ್‌ನ ತೂತಿನಿಂದ ಹಿಡಿಕೆ ಹಾಕಿ ತಿರುಗಿಸಬಹುದು. ಪೂರ್ತಿ ಮೇಲೇರಿಸಿದಾಗ ಬಿಟ್ ತಿರುಗಿಸುವ ಸ್ಪಿಂಡಲ್ ತಾನಾಗಿಯೇ ಲಾಕ್ ಆಗುವುದರಿಂದ ಒಂದೇ ಸ್ಪ್ಯಾನರ್‌ನಲ್ಲಿ ಬಿಟ್ ಬದಲಿಸಬಹುದು. ಇದಕ್ಕೆ ಬೇರೆ ಲಿಫ್ಟ್ ದಂಡ. ತಿಂಗಳಿಗೊಮ್ಮೆ ಅಂಚು ಉರುಟು ಮಾಡುವಷ್ಟೇ ಕೆಲಸವಿದ್ದರೆ ಸಾಮಾನ್ಯ ಪ್ಲೇಟ್ ಸಾಕು. ಉಳಿದ ಹಣಕ್ಕೆ ಒಳ್ಳೆಯ ಬಿಟ್‌ಗಳನ್ನು ಕೊಳ್ಳಿ ಎಂದೇ ನನ್ನ ಸಲಹೆ.

ಅಲುಗಾಟ ಮತ್ತು ಲಾಕ್

ಕೊಳ್ಳುವವರು ಮೊದಲು ನೋಡುವುದು ಡಯಲ್ ಎಷ್ಟು ಸೂಕ್ಷ್ಮವಾಗಿದೆ ಎಂದು. ನಾನು ಎತ್ತರ ಕದಲದಂತೆ ಬಿಗಿಯುವ ಲಾಕ್‌ನಿಂದ ಶುರುಮಾಡುತ್ತೇನೆ. ರೌಟರ್ ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುವಾಗ ಇಡೀ ಲಿಫ್ಟ್ ಅದುರುತ್ತದೆ, ಮೋಟಾರ್‌ನ ಭಾರ ಕೆಳಕ್ಕೆ ಜಗ್ಗುತ್ತದೆ. ಲಾಕ್ ಸಡಿಲವಿದ್ದರೆ ಸ್ಕ್ರೂ ತನ್ನಷ್ಟಕ್ಕೆ ತಿರುಗುತ್ತದೆ; ಹಲಗೆಯ ಆರಂಭದಲ್ಲಿದ್ದ ಆಳ ಕೊನೆಯಲ್ಲಿ ಇರುವುದಿಲ್ಲ. ಡಯಲ್ ಎಷ್ಟೇ ನುಣುಪಾಗಿದ್ದರೂ ಆಗ ಪ್ರಯೋಜನವಿಲ್ಲ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಎನ್ನುವುದಕ್ಕೆ 18 ಮಿ.ಮೀ. ಹಲಗೆಯ ಅಂಚಿನಲ್ಲಿ 6 ಮಿ.ಮೀ. ನಾಲಿಗೆ ತೆಗೆಯುವ ಕೆಲಸ ನೋಡಿ. ಒಂದು ಬದಿ ಕತ್ತರಿಸಿ, ಹಲಗೆ ಮಗುಚಿ, ಇನ್ನೊಂದು ಬದಿ ಅದೇ ಎತ್ತರದಲ್ಲಿ ಕತ್ತರಿಸುತ್ತೇವೆ. ಬಿಟ್‌ನ ಎತ್ತರದಲ್ಲಿ 0.1 ಮಿ.ಮೀ. ತಪ್ಪಿದರೆ ಅದು ಎರಡೂ ಬದಿಗೆ ಬಿದ್ದು ನಾಲಿಗೆಯ ದಪ್ಪದಲ್ಲಿ 0.2 ಆಗುತ್ತದೆ. ತೋಡಿನೊಳಗೆ ಬೆರಳಿನ ಒತ್ತಡಕ್ಕೆ ಕೂರಬೇಕಾದ ನಾಲಿಗೆ ಲೊಡಲೊಡ ಎನ್ನಲು ಅಷ್ಟು ಸಾಕು.

ಅಂಗಡಿಯಲ್ಲೋ ಪರಿಚಯದ ಕಾರ್ಖಾನೆಯಲ್ಲೋ ಲಿಫ್ಟ್ ನೋಡಲು ಸಿಕ್ಕರೆ ಹೀಗೆ ಪರೀಕ್ಷಿಸಿ. ಪ್ಲಗ್ ತೆಗೆದ ರೌಟರ್‌ನ ಕಾಲೆಟ್‌ನಲ್ಲಿ (ಬಿಟ್ ಹಿಡಿಯುವ ಭಾಗ) ಉದ್ದನೆಯ ನೇರ ಬಿಟ್ ಅಥವಾ ಅದೇ ವ್ಯಾಸದ ಉಕ್ಕಿನ ಸರಳು ಬಿಗಿಯಿರಿ. ಲಾಕ್ ಹಾಕಿ, ಸರಳಿನ ತುದಿಯನ್ನು ಹೆಬ್ಬೆರಳಿನಿಂದ ನಾಲ್ಕೂ ದಿಕ್ಕಿಗೆ ಒತ್ತಿ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಬೇಡ. ಆಮೇಲೆ ಪ್ಲೇಟ್ ಮೇಲೆ ಮೂಲೆಮಟ್ಟ ನಿಲ್ಲಿಸಿ, ಸರಳು ನೆಟ್ಟಗಿದೆಯೇ ನೋಡಿ. ಲಾಕ್ ಹಾಕುವ ಮುಂಚೆ, ಹಾಕಿದ ಮೇಲೆ ಎರಡೂ ಸಲ. ಲಾಕ್ ಬಿಗಿದಾಗ ಸರಳು ಒಂದು ಕಡೆಗೆ ವಾಲುವ ಲಿಫ್ಟ್‌ಗಳಿವೆ, ಅವು ಜೋಡಣೆಯ ಕೆಲಸಕ್ಕೆ ಬಾರವು.

ಸ್ಕ್ರೂ ವಿಷಯದಲ್ಲಿ ಲೆಕ್ಕ ಸರಳ. ಇಂಚಿಗೆ 16 ಮರೆ (ಸ್ಕ್ರೂ ಮೇಲಿನ ಸುತ್ತುಗೆರೆ) ಇದ್ದರೆ ಒಂದು ಸುತ್ತಿಗೆ ಸುಮಾರು 1.6 ಮಿ.ಮೀ., 32 ಇದ್ದರೆ 0.8. ಮೆಟ್ರಿಕ್ ಸ್ಕ್ರೂ ಆದರೆ, 2 ಮಿ.ಮೀ. ಪಿಚ್‌ನಲ್ಲಿ (ಎರಡು ಮರೆಗಳ ನಡುವಿನ ಅಂತರ) ಕಾಲು ಸುತ್ತಿಗೆ ಸರಿಯಾಗಿ ಅರ್ಧ ಮಿಲಿಮೀಟರ್. ಮಿಲಿಮೀಟರ್‌ನಲ್ಲಿ ಯೋಚಿಸುವ ನಮಗೆ ಇದೇ ಹಿತ. ಯಾವ ಲಿಫ್ಟ್ ಆದರೂ ಅಂತಿಮ ಅಳತೆಗೆ ಮೇಲ್ಮುಖವಾಗಿ ತಿರುಗಿಸಿಯೇ ಬನ್ನಿ: ಹೆಚ್ಚು ಏರಿದ್ದರೆ ಅರ್ಧ ಸುತ್ತು ಕೆಳಗಿಳಿಸಿ ಮತ್ತೆ ಏರಿಸಿ. ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲು ಆಗ ತೊಂದರೆ ಕೊಡುವುದಿಲ್ಲ.

ಪ್ಲೇಟ್, ಉಂಗುರ, ಕಾಲೆಟ್

ಉತ್ತರ ಅಮೆರಿಕದ ಪ್ಲೇಟ್‌ಗಳಲ್ಲಿ ಹೆಚ್ಚು ಬಳಕೆಯ ಅಳತೆ 9¼ × 11¾ ಇಂಚು, ದಪ್ಪ ⅜ ಇಂಚು. ಆದರೆ 8¼ × 11¾ ಕೂಡ ಚಾಲ್ತಿಯಲ್ಲಿದೆ. ಹಾಗಾಗಿ ಪ್ಲೇಟ್ ಕೈಗೆ ಬರುವವರೆಗೆ ಮೇಜಿನಲ್ಲಿ ತೂತು ಕತ್ತರಿಸಬೇಡಿ. ಅಲ್ಯೂಮಿನಿಯಂ ಪ್ಲೇಟ್ ಆಗಿರಲಿ. ತೆಳು ಪ್ಲೇಟ್ ಭಾರಕ್ಕೆ ಕ್ರಮೇಣ ನಡುವೆ ಕುಗ್ಗುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ ಅಡಿಗೆ ಝೆರಾಕ್ಸ್ ಕಾಗದ ತೂರಿಸಿ ನೋಡಿ. ಕಾಗದದ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ.; ಅದು ಸರಾಗವಾಗಿ ನುಸುಳಿದರೆ ಪ್ಲೇಟ್ ಸಮತಟ್ಟಾಗಿಲ್ಲ.

ಬಿಟ್ ಸುತ್ತಲಿನ ಉಂಗುರಗಳು ಬೇರೆ ಬೇರೆ ಅಳತೆಯಲ್ಲಿ ಸಿಗಬೇಕು, ಮೇಲ್ಮೈಗೆ ಸರಿಸಮ ಕೂರಬೇಕು. ಕಾಲೆಟ್ ಪ್ಲೇಟ್‌ನ ಮೇಲಕ್ಕೆ ಬರುವಷ್ಟು ಏರುತ್ತದೆಯೇ ಎಂಬುದನ್ನು ನಿಮ್ಮದೇ ರೌಟರ್ ಹಾಕಿ ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಸಲ ಬಿಟ್ ಬದಲಿಸಲು ಮತ್ತೆ ಮೇಜಿನಡಿಗೇ ಹೋಗಬೇಕು.

ದೊಡ್ಡ ಬಿಟ್‌ನ ಆಸೆಯಿದ್ದರೆ ವೇಗ ನೋಡಿ. ಪ್ಯಾನಲ್ ತೆಗೆಯುವ 80 ಮಿ.ಮೀ. ಬಿಟ್ 22,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 330 ಕಿಲೋಮೀಟರ್ ದಾಟುತ್ತದೆ. ಅಂಥ ಬಿಟ್‌ಗೆ 10,000–12,000 ಸುತ್ತು ಸಾಕು. ವೇಗ ಇಳಿಸಲು ಬಾರದ ರೌಟರ್‌ಗೆ ಅದನ್ನು ಹಾಕಲೇಬಾರದು, ಲಿಫ್ಟ್ ಎಷ್ಟೇ ಗಟ್ಟಿಯಾಗಿರಲಿ.

ಜೋಡಿಸಿದ ಮೇಲೆ

ಹಲಗೆ ಪ್ಲೇಟ್‌ನ ಅಂಚಿಗೆ ಎಡವದಂತೆ, ಮೂಲೆಗಳ ಸಣ್ಣ ಸ್ಕ್ರೂಗಳನ್ನು ತಿರುಗಿಸಿ ಪ್ಲೇಟನ್ನು ಮೇಜಿಗೆ ಸಮ ಮಾಡಿ. ಸ್ವಿಚ್ಚನ್ನು ಮೇಜಿನ ಮುಂಭಾಗಕ್ಕೆ ತನ್ನಿ. ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗದ ಬಗೆಯದ್ದೇ ಇರಲಿ. ಸ್ಕ್ರೂ, ಮಾರ್ಗದರ್ಶಿ ಕಂಬಗಳಿಗೆ ಎಣ್ಣೆ ಹಚ್ಚಬೇಡಿ, ಹೊಟ್ಟು ಅದಕ್ಕಂಟಿ ಕೆಸರಾಗುತ್ತದೆ. ಬ್ರಷ್‌ನಿಂದ ಝಾಡಿಸಿ ಒಣ ಮೇಣ ತಿಕ್ಕಿ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಇದನ್ನು ಮರೆಯದೆ ಮಾಡಬೇಕು. ಜೂನ್‌ನಲ್ಲಿ ಹಿಡಿದ ತುಕ್ಕು ಆಗಸ್ಟ್ ಹೊತ್ತಿಗೆ ಹಿಡಿಕೆಯನ್ನೇ ತಿರುಗಗೊಡುವುದಿಲ್ಲ.